ಅನೊರೆಕ್ಸಿಯಾ ನರ್ವೋಸಾ

ಅನೊರೆಕ್ಸಿಯಾ ನರ್ವೋಸಾ ಎಂಬುದು ಆಹಾರ ಸೇವನೆಗೆ ಸಂಬಂಧಿಸಿದ ಗಂಭೀರ ಮಾನಸಿಕ ಕಾಯಿಲೆ. ಇದು ಬಹುಮಟ್ಟಿಗೆ ಹದಿಹರೆಯದಲ್ಲಿ ಆರಂಭವಾಗುತ್ತದೆ. ಹುಡುಗಿಯರಲ್ಲಿ ಹೆಚ್ಚಾಗಿ ಕಂಡುಬಂದರೂ ಹುಡುಗರೂ ಇದಕ್ಕೆ ಹೊರತಲ್ಲ. ರೋಗಿಯು ಊಟವನ್ನು ಅತಿಯಾಗಿ ಕಡಿಮೆ ಮಾಡಿ, ವಯಸ್ಸಿಗೂ ಎತ್ತರಕ್ಕೂ ತಕ್ಕ ತೂಕಕ್ಕಿಂತ ಬಹಳ ಕೆಳಗಿಳಿದ ಮೇಲೂ ದಪ್ಪವಾಗುವ ಭಯವನ್ನು ಬಿಡುವುದಿಲ್ಲ. ಮಾನಸಿಕ ಕಾಯಿಲೆಗಳ ಪೈಕಿ ಅತಿ ಹೆಚ್ಚು ಮರಣ ಪ್ರಮಾಣವಿರುವವುಗಳಲ್ಲಿ ಇದೂ ಒಂದು.

ಹೆಸರು ಮತ್ತು ಇತಿಹಾಸ

ಅನೊರೆಕ್ಸಿಯಾ ಎಂಬ ಗ್ರೀಕ್ ಮೂಲದ ಪದಕ್ಕೆ ಹಸಿವಿಲ್ಲದಿರುವಿಕೆ ಎಂದರ್ಥ. ಈ ಹೆಸರು ದಾರಿ ತಪ್ಪಿಸುವಂಥದ್ದು. ಬಹುಪಾಲು ರೋಗಿಗಳಿಗೆ ಹಸಿವು ಇರುತ್ತದೆ, ಅವರು ಅದನ್ನು ಹತ್ತಿಕ್ಕುತ್ತಾರೆ. ಇಂಗ್ಲೆಂಡಿನ ವೈದ್ಯ ರಿಚರ್ಡ್ ಮಾರ್ಟನ್ 1689ರಲ್ಲಿಯೇ ಇಂತಹ ರೋಗಿಗಳನ್ನು ವರ್ಣಿಸಿದ್ದನು. 1873ರಲ್ಲಿ ಫ್ರಾನ್ಸಿನ ಶಾರ್ಲ್ ಲಾಸೆಗ್ ಮತ್ತು ಲಂಡನ್ನಿನ ವಿಲಿಯಂ ಗಲ್ ಪ್ರತ್ಯೇಕವಾಗಿ ಇದರ ಬಗ್ಗೆ ಬರೆದರು. ಇಂದು ಬಳಕೆಯಲ್ಲಿರುವ ಹೆಸರು ಗಲ್ ಕೊಟ್ಟದ್ದು. ಅಮೆರಿಕದ ಗಾಯಕಿ ಕರೆನ್ ಕಾರ್ಪೆಂಟರ್ 1983ರಲ್ಲಿ, ತಮ್ಮ 32ನೆಯ ವಯಸ್ಸಿನಲ್ಲಿ, ಈ ಕಾಯಿಲೆಯ ಪರಿಣಾಮದಿಂದ ಹೃದಯಸ್ತಂಭನವಾಗಿ ತೀರಿಕೊಂಡ ನಂತರವೇ ಜನಸಾಮಾನ್ಯರಿಗೆ ಇದರ ಪರಿಚಯ ಹೆಚ್ಚಾಯಿತು.

ಲಕ್ಷಣಗಳು

ಮನೆಯವರೊಡನೆ ಊಟಕ್ಕೆ ಕೂರದಿರುವುದು, ಚಳಿ ತಡೆಯಲಾಗದಿರುವುದು, ಮುಟ್ಟು ನಿಲ್ಲುವುದು, ನಾಡಿಬಡಿತ ನಿಧಾನವಾಗುವುದು, ಮೈಮೇಲೆ ನವಿರಾದ ಕೂದಲು ಬೆಳೆಯುವುದು ಸಾಮಾನ್ಯ ಲಕ್ಷಣಗಳು. ಮೂಳೆಗಳು ಬಲಿಯುವ ವಯಸ್ಸಿನಲ್ಲಿಯೇ ಸವೆಯತೊಡಗುತ್ತವೆ. ತಾವೇ ಉಣ್ಣದವರು ಇತರರಿಗಾಗಿ ಅಡುಗೆ ಮಾಡುವುದರಲ್ಲಿ ಮುಳುಗಿರುವುದೂ ಉಂಟು. ಇದು ಸೋಗಲ್ಲ. 1944–45ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ಆನ್ಸೆಲ್ ಕೀಸ್ 36 ಮಂದಿ ಆರೋಗ್ಯವಂತ ಯುವಕರನ್ನು, ಅವರ ಒಪ್ಪಿಗೆಯಿಂದ, ಅರೆಹೊಟ್ಟೆಯಲ್ಲಿಟ್ಟು ಪರೀಕ್ಷಿಸಿದಾಗ ಅವರಿಗೂ ಸದಾ ಊಟದ್ದೇ ಯೋಚನೆಯಾಯಿತು. ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು, ಹಲವರು ಖಿನ್ನರಾದರು. ರೋಗಿಯ ಹಟ, ಸಿಡುಕುಗಳಲ್ಲಿ ಒಂದು ಪಾಲು ಹಸಿವಿನದೇ ಎಂಬುದು ಇದರಿಂದ ತಿಳಿಯುತ್ತದೆ.

ಏಷ್ಯಾದಲ್ಲಿ

ಹಾಂಗ್‌ಕಾಂಗ್‌ನಲ್ಲಿ ಸಿಂಗ್ ಲೀ ಅವರ ಅಧ್ಯಯನಗಳು ದಪ್ಪವಾಗುವ ಭಯವನ್ನು ಹೇಳದೆ, ಹೊಟ್ಟೆಯುಬ್ಬರವೆಂದೋ ಹಸಿವಿಲ್ಲವೆಂದೋ ಊಟ ಬಿಡುವ ರೋಗಿಗಳನ್ನು ಗುರುತಿಸಿದವು. ಭಾರತದಲ್ಲಿಯೂ ಇಂತಹ ಪ್ರಕರಣಗಳು ವರದಿಯಾಗಿವೆ. ವ್ರತ, ಉಪವಾಸಗಳಿಗೆ ಗೌರವವಿರುವ ಮನೆಗಳಲ್ಲಿ ಊಟ ಬಿಡುವ ಮಗಳ ಕಾಯಿಲೆ ಬೇಗ ಕಣ್ಣಿಗೆ ಬೀಳದಿರುವುದು ಸಹಜ.

ಚಿಕಿತ್ಸೆ

ಅನುವಂಶೀಯತೆ, ಸ್ವಭಾವ, ತೆಳ್ಳಗಿನ ಮೈಕಟ್ಟಿನ ಮೋಹ ಎಲ್ಲವೂ ಈ ರೋಗದಲ್ಲಿ ಸೇರಿರುವುದರಿಂದ ತಾಯಿತಂದೆಯರನ್ನು ದೂರುವ ಹಳೆಯ ವಾಡಿಕೆ ಈಗ ಹಿಂದೆ ಸರಿದಿದೆ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡ ಕುಟುಂಬಾಧಾರಿತ ಚಿಕಿತ್ಸೆಯಲ್ಲಿ ಮಗುವಿಗೆ ಉಣಿಸುವ ಹೊಣೆಯನ್ನು ಮೊದಲ ಹಂತದಲ್ಲಿ ಹೆತ್ತವರಿಗೇ ವಹಿಸಲಾಗುತ್ತದೆ; ತೂಕ ಸುಧಾರಿಸಿದಂತೆ ಅದು ಮಗುವಿಗೆ ಮರಳುತ್ತದೆ. ಬಹುಕಾಲ ಉಣ್ಣದವರಿಗೆ ಒಮ್ಮೆಲೇ ಹೆಚ್ಚು ಆಹಾರ ಕೊಟ್ಟರೆ ರಕ್ತದಲ್ಲಿ ಫಾಸ್ಫೇಟ್ ಕುಸಿದು ಪ್ರಾಣಾಪಾಯವಾಗಬಹುದು. ಆದ್ದರಿಂದ ತೀವ್ರವಾಗಿ ಸೊರಗಿದವರನ್ನು ಆಸ್ಪತ್ರೆಯಲ್ಲಿರಿಸಿ, ರಕ್ತಪರೀಕ್ಷೆಗಳೊಂದಿಗೆ ಆಹಾರವನ್ನು ಮೆಲ್ಲಮೆಲ್ಲನೆ ಏರಿಸಲಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಹಾಗೂ ಹದಿಹರೆಯದವರ ಮನೋವೈದ್ಯಕೀಯ ವಿಭಾಗವಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416.