ಮೈಬಲವೂ ಕೈವರಸೆಯೂ: ತುಳುನಾಡಿನ ಗರಡಿಗಳ ಸಾಧನಾಕ್ರಮವನ್ನು ಕುರಿತು

ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆ ಈ ಮೂರು ಸೀಮೆಗಳಲ್ಲಿ ಸಂಚರಿಸುವವರಿಗೆ ಗರಡಿಯೆಂಬ ಹೆಸರಿನ ಕಟ್ಟಡಗಳು ಅಲ್ಲಲ್ಲಿ ಎದುರಾಗುತ್ತವೆ. ಘಟ್ಟದ ಮೇಲಿನವನೊಬ್ಬನು ಹೆಸರನ್ನಷ್ಟೇ ಕೇಳಿ, ಕೆಮ್ಮಣ್ಣಿನ ಮಟ್ಟಿಯನ್ನೂ ಗದೆ ಲೋಡುಗಳನ್ನೂ ಸಾಮು ತೆಗೆಯುವ ಹುಡುಗರನ್ನೂ ನಿರೀಕ್ಷಿಸಿ ಒಳಹೊಕ್ಕರೆ, ಅವನು ಕಾಣುವುದು ದೈವಸ್ಥಾನವನ್ನು. ಬೆರ್ಮೆರು, ಕೋಟಿ-ಚೆನ್ನಯರು, ಮಾಯಂದಾಲೆ ಇವರಿಗೆ ಅಲ್ಲಿ ಆರಾಧನೆ ಸಲ್ಲುತ್ತದೆ; ನೇಮದ ದಿನ ದರ್ಶನಪಾತ್ರಿಗಳು ಸುರಿಯವನ್ನು ಕೈಯಲ್ಲಿ ಹಿಡಿಯುತ್ತಾರೆ. ಜನಪರಂಪರೆಯು ಇಂತಹ ಗರಡಿಗಳನ್ನು ಅರುವತ್ತಾರೆಂದು ಎಣಿಸುತ್ತದೆ. ಹೆಸರು ವ್ಯಾಯಾಮಶಾಲೆಯದು, ಬಳಕೆ ದೇವಾಲಯದ್ದು. ಈ ಎರಡರ ನಡುವಣ ಅಂತರವನ್ನು ವಿದ್ವಾಂಸರು ಸಾಮಾನ್ಯವಾಗಿ ಧರ್ಮದ ಇತಿಹಾಸದ ದೃಷ್ಟಿಯಿಂದ ನೋಡಿದ್ದಾರೆ. ಪ್ರಸ್ತುತ ಲೇಖನದಲ್ಲಿ ಅದನ್ನು ದೇಹಸಾಧನೆಯ ಇತಿಹಾಸದ ಕಡೆಯಿಂದ ನೋಡುವ ಪ್ರಯತ್ನವಿದೆ. ಆಯುಧವಿದ್ಯೆಯನ್ನು ಕಲಿಯುವವನು ಮೈಬಲವನ್ನು ಎಲ್ಲಿಂದ ಪಡೆಯುತ್ತಿದ್ದನು? ಬಲ ಬೆಳೆಸುವ ಶ್ರಮಕ್ಕೂ ವರಸೆ ಕಲಿಯುವ ಶ್ರಮಕ್ಕೂ ದಿನವನ್ನು ಹೇಗೆ ಹಂಚಬೇಕಾಗಿತ್ತು? ಕಲಿಸುವವನ ಪಾಡೇನು? ಇವು ಇಂದಿನ ವ್ಯಾಯಾಮಶಿಕ್ಷಕರನ್ನು ಕಾಡುವ ಪ್ರಶ್ನೆಗಳೇ ಹೌದು. ಆದರೆ ಹೊಸ ಪ್ರಶ್ನೆಗಳಲ್ಲ.

ಕನ್ನಡನಾಡಿನಲ್ಲಿ ಈ ವಿಷಯಕ್ಕೆ ದೊರೆಯುವ ಹಳೆಯ ಶಾಸ್ತ್ರಾಧಾರಗಳಲ್ಲಿ ಮುಖ್ಯವಾದುದು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’. ಸುಮಾರು 1129ರಲ್ಲಿ ರಚಿತವಾದ ಈ ಸಂಸ್ಕೃತ ಗ್ರಂಥದ ಮಲ್ಲವಿನೋದ ಪ್ರಕರಣದಲ್ಲಿ ಜಟ್ಟಿಗಳ ದರ್ಜೆ, ಆಹಾರ, ಅಭ್ಯಾಸ ಇವೆಲ್ಲವೂ ವಿವರಿಸಲ್ಪಟ್ಟಿವೆ. ಅಲ್ಲಿ ಹೇಳಿರುವ ಶ್ರಮಗಳು ಐದು: ಮರಳು ತುಂಬಿದ ಚೀಲವನ್ನೆತ್ತುವ ಭಾರಶ್ರಮ, ನಡೆದಾಡುವ ಭ್ರಮಣಶ್ರಮ, ನೀರಿನಲ್ಲಿ ಮಾಡುವ ಸಲಿಲಶ್ರಮ, ತೋಳಿಗೆ ತೋಳನ್ನೊತ್ತಿ ಮಾಡುವ ಬಾಹುಪೆಲ್ಲಣಕಶ್ರಮ, ಕಂಬದ ಮೇಲಿನ ಸ್ತಂಭಶ್ರಮ. ಈ ಐದರಲ್ಲಿ ಭಾರವನ್ನೆತ್ತುವುದು ಒಂದು ಮಾತ್ರ ಎಂಬುದನ್ನು ಗಮನಿಸಬೇಕು. ಎರಡು ಉಸಿರನ್ನೂ ಕಾಲನ್ನೂ ಗಟ್ಟಿಮಾಡುವಂಥವು. ಇನ್ನೆರಡು ಹಿಡಿತವನ್ನು ಬೆಳೆಸುವಂಥವು, ಎಂದರೆ ಕುಸ್ತಿಯ ಚಲನೆಗೆ ಹತ್ತಿರವಾದಂಥವು. ಬಲವೆಂಬುದನ್ನು ವರಸೆಯಿಂದ ಬೇರ್ಪಡಿಸಿ ಅದನ್ನೇ ಒಂದು ಗುರಿಯಾಗಿ ಸಾಧಿಸುವ ಕಲ್ಪನೆ ಈ ಪಟ್ಟಿಯಲ್ಲಿಲ್ಲ. ಉದ್ದು, ಮಾಂಸ, ಹಾಲು, ಮೊಸರು, ತುಪ್ಪ ಮೊದಲಾದವುಗಳಿಂದ ಮಲ್ಲರನ್ನು ಅರಸನೇ ಪೋಷಿಸುತ್ತಿದ್ದನೆಂಬುದೂ ನೆನಪಿನಲ್ಲಿಡತಕ್ಕ ಸಂಗತಿ. ಅವರಿಗೆ ಬೇರೆ ದುಡಿಮೆಯಿರಲಿಲ್ಲ.

ಎರಡನೆಯ ಆಧಾರವು ಇನ್ನೂ ಪ್ರತ್ಯಕ್ಷವಾದುದು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯಿಸನು ಕೃಷ್ಣದೇವರಾಯನ ಮುಂಜಾನೆಯ ದಿನಚರಿಯನ್ನು ಬರೆದಿಟ್ಟಿದ್ದಾನೆ. ರಾಬರ್ಟ್ ಸಿವೆಲ್ಲರು 1900ರಲ್ಲಿ ಪ್ರಕಟಿಸಿದ ಗ್ರಂಥದಿಂದ ಇದು ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವೇ ಆಗಿದೆ. ಬೆಳಕು ಹರಿಯುವುದಕ್ಕೆ ಮೊದಲೇ ಅರಸನು ಮುಕ್ಕಾಲು ಪೈಂಟಿನಷ್ಟು ಎಳ್ಳೆಣ್ಣೆಯನ್ನು ಕುಡಿದು, ಮೈಗೂ ಅದನ್ನೇ ಪೂಸಿಕೊಂಡು, ಸೊಂಟಕ್ಕೊಂದು ಚಿಕ್ಕ ಬಟ್ಟೆ ಬಿಗಿದು, ಮಣ್ಣಿನಿಂದ ಮಾಡಿದ ದೊಡ್ಡ ತೂಕಗಳನ್ನು ಕೈಗಳಲ್ಲಿ ಎತ್ತುತ್ತಿದ್ದನು. ಅನಂತರ ಕತ್ತಿ ಹಿಡಿದು ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಸಾಧನೆ ಮಾಡುತ್ತಿದ್ದನು. ಆಮೇಲೆ ತನ್ನ ಜಟ್ಟಿಗಳಲ್ಲೊಬ್ಬನೊಡನೆ ಕುಸ್ತಿ. ಕಡೆಗೆ ಕುದುರೆಯೇರಿ ಬಯಲಿನಲ್ಲಿ ಬೆಳಗಾಗುವ ತನಕ ಸವಾರಿ. ಈ ಕ್ರಮವನ್ನು ಕುರಿತು ಸ್ವಲ್ಪ ವಿಚಾರ ಮಾಡುವುದು ಅವಶ್ಯ. ತೂಕ ಮೊದಲು, ಕತ್ತಿ ಆಮೇಲೆ. ಅತಿಭಾರವನ್ನೆತ್ತಿ ದಣಿದ ತೋಳಿನಿಂದ ಸೂಕ್ಷ್ಮವಾದ ಕೈವರಸೆಯನ್ನು ಕಲಿಯಲಾಗದೆಂಬುದು ಅನುಭವಿಗಳೆಲ್ಲ ಬಲ್ಲ ಮಾತು. ಹಾಗಿದ್ದೂ ತೂಕ ಮೊದಲು ಬಂದಿದೆಯೆಂದರೆ, ಆ ತೂಕಗಳು ಬಲದ ಎಲ್ಲೆಯನ್ನು ಅಳೆಯುವುದಕ್ಕಾಗಿ ಇದ್ದವಲ್ಲ, ಮೈಯನ್ನು ಕಾಯಿಸಿ ಕೀಲುಗಳನ್ನು ಸಡಿಲಿಸುವುದಕ್ಕಾಗಿ ಇದ್ದವು ಎಂದು ತರ್ಕಿಸುವುದೇ ಯುಕ್ತ. ಅವುಗಳನ್ನು ಕಬ್ಬಿಣದಿಂದ ಮಾಡದೆ ಮಣ್ಣಿನಿಂದ ಮಾಡಿದ್ದರೆಂಬುದು ಈ ಊಹೆಗೆ ಒತ್ತಾಸೆಯಾಗಿದೆ. ದೊಡ್ಡವೆಂದು ಯಾತ್ರಿಕನು ಹೇಳಿದುದು ಗಾತ್ರವನ್ನು ನೋಡಿಯೂ ಇರಬಹುದು.

ಆಗ ತುಳುನಾಡು ವಿಜಯನಗರದ ಆಳಿಕೆಗೆ ಸೇರಿದ್ದು, ಬಾರಕೂರು ಮಂಗಳೂರು ರಾಜ್ಯಗಳಾಗಿ ವಿಭಾಗಗೊಂಡಿತ್ತು. ಅವುಗಳ ಕೆಳಗೆ ಬಂಗರು, ಚೌಟರು, ಅಜಿಲರು ತಮ್ಮ ತಮ್ಮ ಸೀಮೆಗಳನ್ನಾಳುತ್ತಿದ್ದರು. ಬಂಗವಾಡಿ, ನಂದಾವರ, ವೇಣೂರು, ಮೂಡಬಿದಿರೆ ಎಂಬ ಹೆಸರುಗಳು ಈ ಅರಸುಮನೆತನಗಳೊಡನೆಯೇ ನಮಗೆ ಪರಿಚಿತವಾಗಿವೆ. ಆದರೆ ಹಂಪೆಯ ಅರಮನೆಯ ದಿನಚರಿಯನ್ನು ಹಾಗೆಯೇ ತಂದು ನೇತ್ರಾವತಿಯ ದಡದ ಒಕ್ಕಲಿನ ಮೇಲೆ ಹೊರಿಸುವುದು ಸಲ್ಲದು. ಇಲ್ಲಿ ನಮಗೆ ಬೇರೊಂದು ಬಗೆಯ ಆಧಾರ ಬೇಕು, ಅದು ಪಾಡ್ದನ.

ಕೋಟಿ-ಚೆನ್ನಯರ ಪಾಡ್ದನವು ಅಚ್ಚಿಗೆ ಬಂದುದು 19ನೆಯ ಶತಮಾನದ ಕೊನೆಯಲ್ಲಿ. ಬಾಸೆಲ್ ಮಿಷನ್ನಿನ ಮ್ಯಾನರ್ ಅವರು 1886ರಲ್ಲಿ ತುಳು ಪಾಡ್ದನಗಳನ್ನು ಮಂಗಳೂರಿನಲ್ಲಿ ಪ್ರಕಟಿಸಿದರು. ಬರ್ನೆಲ್ಲರ ಕಾಗದಪತ್ರಗಳಲ್ಲಿದ್ದ ಪಾಠಗಳನ್ನು ಟೆಂಪಲ್ಲರು 1894ರಿಂದ 1897ರವರೆಗೆ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಹೊರತಂದರು. ಬಂಟವಾಳದಲ್ಲಿಯೇ 1874ರಲ್ಲಿ ಜನಿಸಿದ ಪಂಜೆ ಮಂಗೇಶರಾಯರು ಈ ಕತೆಯನ್ನು ಕನ್ನಡ ಗದ್ಯಕ್ಕೆ ತಂದು ನಾಡಿಗೆಲ್ಲ ಪರಿಚಯಿಸಿದರು. ಡಾ. ವಾಮನ ನಂದಾವರ ಅವರ ಜಾನಪದೀಯ ಅಧ್ಯಯನವು ಈಚಿನ ಸಂಶೋಧಕರಿಗೆ ದಾರಿದೀಪವಾಗಿದೆ. ಪಾಡ್ದನವು ಸಾಧನೆಯ ಕೈಪಿಡಿಯಲ್ಲ. ಅದರಿಂದ ಇಂತಿಷ್ಟು ಹೊತ್ತು ಇಂತಹ ಅಭ್ಯಾಸವೆಂಬ ವಿವರವನ್ನು ಹಿಂಡಿ ತೆಗೆಯಲಾಗದು. ಆದರೆ ಅದು ಯಾವುದನ್ನು ಸಹಜವೆಂದು ಭಾವಿಸಿ ಹೇಳುತ್ತದೆಯೋ ಅದು ಇತಿಹಾಸಕಾರನಿಗೆ ಅಮೂಲ್ಯವಾದುದು. ಪಡುಮಲೆಯ ಬಲ್ಲಾಳನನ್ನು ಗುಣಪಡಿಸಿದ ವೈದ್ಯೆ ದೇಯಿಬೈದೆತಿಯ ಈ ಅವಳಿ ಮಕ್ಕಳು ಮೊದಲಿಗೆ ಬೇಸಾಯಗಾರರು. ಬುದ್ಯಂತನೊಡನೆ ಹುಟ್ಟಿದ ಪ್ರಾಣಾಂತಿಕ ಜಗಳ ಗದ್ದೆಯ ನೀರಿನದು. ಅವರ ಕೈಯ ಆಯುಧವಾದ ಸುರಿಯ ಉದ್ದನೆಯ ಖಡ್ಗವಲ್ಲ, ಹತ್ತಿರಕ್ಕೆ ನುಗ್ಗಿ ತಿವಿಯುವ ಗಿಡ್ಡ ಆಯುಧ. ಅಂತಹ ಆಯುಧಕ್ಕೆ ಬೇಕಾದುದು ಕಾಲಿನ ಚುರುಕು, ನೆಲದ ಮೇಲಿನ ಹಿಡಿತ, ಸೊಂಟದ ತಿರುವು. ಕೆಸರುಗದ್ದೆಯಲ್ಲಿ ಕೋಣಗಳ ಹಿಂದೆ ನಡೆದ ಕಾಲಿಗೆ ಇವುಗಳ ಮೊದಲ ಪಾಠ ಗದ್ದೆಯಲ್ಲಿಯೇ ಆಗಿರುತ್ತದೆ.

ಈ ಲೇಖಕನ ಅಭಿಪ್ರಾಯದ ತಿರುಳು ಇಲ್ಲಿದೆ. ತುಳುನಾಡಿನಲ್ಲಿ ಭಾರಶ್ರಮವನ್ನು ಗರಡಿಯೊಳಗೆ ಕಲಿಸಬೇಕಾದ ಅಗತ್ಯವೇ ಇರಲಿಲ್ಲ. ಅದನ್ನು ಹೊರಗಿನ ದುಡಿಮೆ ಕಲಿಸುತ್ತಿತ್ತು. ಗರಡಿಗೆ ಉಳಿದುದು ವರಸೆ. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳ ಉಳುಮೆ ನಾಟಿ ಕೊಯ್ಲುಗಳು ವರ್ಷದ ಬಹುಭಾಗವನ್ನು ತುಂಬುತ್ತಿದ್ದವು. ಬೈಹುಲ್ಲಿನಿಂದ ಬಿಗಿದ ಅಕ್ಕಿಯ ಮುಡಿ 42 ಸೇರಿನದು, ಎಂದರೆ ಹೆಚ್ಚುಕಡಮೆ 40 ಕಿಲೋಗ್ರಾಮ್. ಅದನ್ನು ಹೊತ್ತು ಬದುಗಳ ಮೇಲೆ ನಡೆಯುವುದು ನಿತ್ಯದ ಕೆಲಸ. ಮೂರ್ತೆಯ ಕಸುಬಿನವರು ದಿನಕ್ಕೆ ಎರಡು ಸಲವಾದರೂ ಮರವೇರಿ ಇಳಿಯಬೇಕು. ಮಾನಸೋಲ್ಲಾಸದ ಸ್ತಂಭಶ್ರಮ ಇದಕ್ಕಿಂತ ಕಠಿನವಾಗಿದ್ದೀತೇ? ಬಿಲ್ಲವ ಎಂಬ ಹೆಸರನ್ನು ಬಿಲ್ಲಿಗೆ ಜೋಡಿಸುವ ವ್ಯುತ್ಪತ್ತಿಯನ್ನು ಥರ್ಸ್ಟನ್ನರು 1909ರ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಬಿಲ್ಲಿನ ಮಾತು ಹೇಗಾದರೂ ಇರಲಿ, ಮರವೇರುವ ತೋಳು ಮಾತ್ರ ಯಾವ ವ್ಯುತ್ಪತ್ತಿಯ ಹಂಗಿನಲ್ಲೂ ಇಲ್ಲ.

ನಮ್ಮ ಸೀಮೆಯ ಬಲಪ್ರದರ್ಶನಗಳು ದುಡಿಮೆಯ ವಸ್ತುಗಳಿಂದಲೇ ಹುಟ್ಟಿವೆಯೆಂಬುದು ಈ ವಾದವನ್ನು ಪುಷ್ಟೀಕರಿಸುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸಂಗ್ರಾಣಿಕಲ್ಲನ್ನೆತ್ತುವ ಪದ್ಧತಿಯಿದೆ. ಆ ಕಲ್ಲು ಎತ್ತುವುದಕ್ಕೆಂದೇ ಮಾಡಿದ ವಸ್ತು. ನಮ್ಮಲ್ಲಿ ಹುಲಿವೇಷದವನು ಹಲ್ಲಿನಿಂದ ಕಚ್ಚಿ ಎತ್ತಿ ಹಿಂದಕ್ಕೆಸೆಯುವುದು ಅಕ್ಕಿಮುಡಿಯನ್ನು. ಕಂಬಳದ ಓಟ ಉತ್ತ ಗದ್ದೆಯ ಓಟ. ಬಂಟವಾಳ ತಾಲ್ಲೂಕಿನ ಪೊಳಲಿಯ ಜಾತ್ರೆಯ ಚೆಂಡು ಒಂದು ಅಪವಾದ. ಚರ್ಮದ ಆ ಚೆಂಡಿಗೆ ಸೆಣಸುವ ಎರಡು ಪಕ್ಷಗಳ ನೂಕುನುಗ್ಗಲಿನಲ್ಲಿ ಹಳೆಯ ಪಡೆಗಳ ಅಭ್ಯಾಸದ ನೆರಳನ್ನು ಕಾಣುವವರಿದ್ದಾರೆ. ಅಷ್ಟು ದೂರ ಹೋಗಲು ಈ ಲೇಖಕನಿಗೆ ಧೈರ್ಯ ಸಾಲದು.

ನೆರೆಯ ಮಲೆಯಾಳದ ಕಳರಿಯೊಡನೆ ಹೋಲಿಸಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಅಲ್ಲಿ ಶಿಕ್ಷಣವು ಮೈಪಳಗಿಸುವ ಮೆಯ್ತಾರಿಯಿಂದ ಮೊದಲಾಗಿ ಕೋಲು, ಲೋಹದ ಆಯುಧ, ಬರಿಗೈ ಎಂದು ಮುಂದುವರಿಯುತ್ತದೆ. ಮೊದಲ ಮೆಟ್ಟಿಲಿನಲ್ಲಿ ಬಾಗುವುದು, ನೆಗೆಯುವುದು, ಕಾಲೆತ್ತುವುದು ಇವೆಯೇ ಹೊರತು ಭಾರವೆತ್ತುವುದು ಪ್ರಧಾನವಲ್ಲ. ಮಳೆಗಾಲದಲ್ಲಿ ಎಣ್ಣೆಯ ಉಳಿಚ್ಚಿಲ್ ನಡೆಯುತ್ತದೆ, ತಿಕ್ಕುವವನು ಗುರುಕ್ಕಳೇ. ಮೈಸೂರಿನ ಜಟ್ಟಿಗಳಲ್ಲಿಯೂ ಮೂಳೆ ಕೂಡಿಸುವ, ಅಂಗಮರ್ದನ ಮಾಡುವ ವಿದ್ಯೆ ಕುಸ್ತಿಯೊಡನೆಯೇ ಬಂದಿತ್ತು. ಗುರುವಾದವನು ಶಿಷ್ಯರ ಎದುರಿನಲ್ಲಿ ದಿನವೆಲ್ಲ ತಾನೇ ಹೊರಳಾಡಿ ದಣಿಯಬೇಕಾಗಿಲ್ಲ. ಕೈಯಿಂದ ಮುಟ್ಟಿ ತಿದ್ದುವುದು, ತಿಕ್ಕುವುದು, ನೋಡುವುದು ಅವನ ಪಾಲಿನ ಕೆಲಸವಾಗಿ, ತನ್ನ ಸಾಧನೆಗೆ ಬೇರೆ ಹೊತ್ತು ಉಳಿಯುತ್ತದೆ. ಆದರೆ ವಿಜಯನಗರದಲ್ಲಿ ಸಾವಿರ ಮಂದಿ ಜಟ್ಟಿಗಳನ್ನು ಅರಸನು ಇಟ್ಟುಕೊಂಡಿದ್ದನೆಂದು ನೂನಿಜನು ಹೇಳುವಾಗ, ಆ ಸಾವಿರ ಮಂದಿಗೆ ಅನ್ನ ಹಾಕಿದ ಬೊಕ್ಕಸವನ್ನೂ ನಾವು ಎಣಿಸಬೇಕು. ಅಂತಹ ಬೊಕ್ಕಸ ಬಂಗರಿಗಾಗಲಿ ಅಜಿಲರಿಗಾಗಲಿ ಇರಲಿಲ್ಲ. ಇಲ್ಲಿಯ ಗರಡಿಯ ಗುರು ಬಹುಶಃ ಹಗಲೆಲ್ಲ ತಾನೂ ಗದ್ದೆಯಲ್ಲಿ ದುಡಿದವನೇ. ಬಲವನ್ನು ಅವನೂ ಶಿಷ್ಯನೂ ಒಂದೇ ಕಡೆಯಿಂದ ಪಡೆಯುತ್ತಿದ್ದರು. ಸಂಜೆಯ ಅಲ್ಪ ಹೊತ್ತು ವರಸೆಗೆ ಮೀಸಲಾಗಲು ಇದರಿಂದ ಸಾಧ್ಯವಾಯಿತು.

ಈ ವ್ಯವಸ್ಥೆ ಒಮ್ಮೆಲೇ ಮುರಿದು ಬೀಳಲಿಲ್ಲ. 1799ರಲ್ಲಿ ಕೆನರಾ ಇಂಗ್ಲಿಷರ ವಶವಾಯಿತು. ಸ್ಥಳೀಯ ಅರಸರ ಪಡೆಗಳಿಗೆ ಕೆಲಸವಿಲ್ಲದಾಯಿತು. 1837ರಲ್ಲಿ, ನಮ್ಮ ಹಿರಿಯರು ಕಲ್ಯಾಣಪ್ಪನ ಕಾಟಕಾಯಿ ಎಂದು ಕರೆಯುತ್ತಿದ್ದ ದಂಗೆಯ ಕಾಲಕ್ಕೆ, ಸುಳ್ಯದ ಕಡೆಯಿಂದ ಹೊರಟ ಜನ ಬಂಟವಾಳ ಪಾಣೆಮಂಗಳೂರುಗಳ ಮಾರ್ಗವಾಗಿ ಮಂಗಳೂರನ್ನು ಹೊಕ್ಕರು. ನಂದಾವರದ ಬಂಗರಸನು ಅವರೊಡನೆ ಸೇರಿ ಗಲ್ಲಿಗೇರಿದನು. ಈ ಸೀಮೆಯ ಕೈಗಳು ಆಯುಧ ಹಿಡಿದ ದೊಡ್ಡ ಸಂದರ್ಭಗಳಲ್ಲಿ ಅದು ಕಡೆಯದೆಂದು ತೋರುತ್ತದೆ. 1878ರ ಶಸ್ತ್ರ ಕಾಯಿದೆಯ ಮೇಲೆ ಕತ್ತಿ ಹಿಡಿಯಲು ಪರವಾನಗಿ ಬೇಕಾಯಿತು. ಸುರಿಯ ಉಳಿಯಿತು, ಆದರೆ ಪಾತ್ರಿಯ ಕೈಯಲ್ಲಿ, ದೈವದ ಹೆಸರಿನಲ್ಲಿ ಉಳಿಯಿತು. ಗರಡಿಯ ವರಸೆಗಳು ಆರಾಧನೆಯ ಆವರಣದೊಳಗೆ ಸೇರಿಕೊಂಡು ಬದುಕಿದುವೆಂದರೂ ಸರಿ, ಅಲ್ಲಿಯೇ ಹೆಪ್ಪುಗಟ್ಟಿದುವೆಂದರೂ ಸರಿ. ಇದಕ್ಕೊಂದು ಸಾಮಾಜಿಕ ಮುಖವೂ ಇದೆ. ಬಿಲ್ಲವರಿಗೆ ಇತರ ದೇವಾಲಯಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಗರಡಿ ಅವರ ಸ್ವಂತ ಗುಡಿಯಾಗಿತ್ತು. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ನಾರಾಯಣಗುರುಗಳು ಗೋಕರ್ಣನಾಥನನ್ನು ಪ್ರತಿಷ್ಠಾಪಿಸುವವರೆಗೆ ಆ ಸಮುದಾಯದ ಗೌರವದ ಭಾರವನ್ನು ಹೊತ್ತುದು ಬಹುಮಟ್ಟಿಗೆ ಗರಡಿಗಳೇ. ಹೀಗಿರುವಾಗ ಅಲ್ಲಿ ಸಾಮು ತೆಗೆಯುವುದು ನಿಂತುಹೋಯಿತಲ್ಲಾ ಎಂದು ಕೊರಗುವವರು, ಗುಡಿಯಾಗಿ ಉಳಿದುದರಿಂದಲೇ ಅದು ಉಳಿಯಿತೆಂಬುದನ್ನು ಮರೆಯಬಾರದು.

ಕಬ್ಬಿಣದ ತೂಕಗಳ ಯುಗ ಬೇರೆ ದಿಕ್ಕಿನಿಂದ ಬಂತು. ‘ಶಾಂತಲಾ’ ಕಾದಂಬರಿಯಿಂದ ಕನ್ನಡ ಓದುಗರಿಗೆ ಪರಿಚಿತರಾದ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ, ಬಾರ್‌ಬೆಲ್ಲಿನ ಸಾಧನೆಯೊಡನೆ ಸೂರ್ಯನಮಸ್ಕಾರವನ್ನೂ ಯೋಗಾಸನವನ್ನೂ ಬೆಸೆದರು. ಮೈಬಲವೂ ಮೈಕಟ್ಟೂ ಸ್ವತಂತ್ರವಾದ ಸಾಧನೆಗಳಾದುವು. 1980ರಲ್ಲಿ ರಾಬರ್ಟ್ ಹಿಕ್ಸನ್ ಎಂಬ ಅಮೆರಿಕದ ವಿದ್ವಾಂಸರು ಹತ್ತು ವಾರಗಳ ಪ್ರಯೋಗವೊಂದರಲ್ಲಿ, ಬಲಸಾಧನೆಯನ್ನೂ ದೀರ್ಘಶ್ವಾಸದ ಸಾಧನೆಯನ್ನೂ ಒಟ್ಟಿಗೆ ಮಾಡಿದವರ ಬಲವು ಮೊದಲು ಬೆಳೆದು ಕೊನೆಯ ವಾರಗಳಲ್ಲಿ ಕುಗ್ಗಿತೆಂದು ತೋರಿಸಿದರು. ಗದ್ದೆಯ ದುಡಿಮೆ ಇವೆರಡನ್ನೂ ಒಂದಾಗಿಯೇ ಕೊಡುತ್ತಿತ್ತು. ಆದರೆ ಅದು ಯಾವುದರ ಶಿಖರವನ್ನೂ ಮುಟ್ಟಿಸುತ್ತಿರಲಿಲ್ಲವೆಂದು ಇದರಿಂದ ಅರ್ಥಮಾಡಬಹುದು.

ಈ ಬೇರ್ಪಡುವಿಕೆಗೆ ಬೆಳ್ತಂಗಡಿ ತಾಲ್ಲೂಕಿನಲ್ಲಿಯೇ ಒಂದು ನಿದರ್ಶನವಿದೆ. ಕುಂದಾಪುರದ ಕಡೆಯ ಗುರುರಾಜ ಪೂಜಾರಿಯವರು 2008ರ ಒಲಿಂಪಿಕ್ಸಿನಲ್ಲಿ ಸುಶೀಲ್ ಕುಮಾರರು ಪದಕ ಗೆದ್ದುದನ್ನು ಕಂಡು ಜಟ್ಟಿಯಾಗಬೇಕೆಂಬ ಆಸೆಯಿಂದಿದ್ದವರು. ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜಿನಲ್ಲಿ ತರಬೇತುದಾರ ರಾಜೇಂದ್ರ ಪ್ರಸಾದರು ಅವರನ್ನು ಭಾರ ಎತ್ತುವ ಸ್ಪರ್ಧೆಯ ಕಡೆಗೆ ತಿರುಗಿಸಿದರು. 2018ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ 56 ಕಿಲೋ ವಿಭಾಗದಲ್ಲಿ 111 ಮತ್ತು 138, ಒಟ್ಟು 249 ಕಿಲೋ ಎತ್ತಿ ಬೆಳ್ಳಿಯನ್ನೂ, 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 61 ಕಿಲೋ ವಿಭಾಗದಲ್ಲಿ 269 ಕಿಲೋ ಎತ್ತಿ ಕಂಚನ್ನೂ ಅವರು ಗಳಿಸಿದರು. ಕುಸ್ತಿಯ ಕೈ ಬಿಟ್ಟುದರಿಂದಲೇ ಇದು ಸಾಧ್ಯವಾಯಿತೆಂಬುದು ಸ್ಪಷ್ಟ. ಶಿಷ್ಯನಿಗೆ ಎರಡರಲ್ಲೊಂದನ್ನು ಬಿಡಿಸುವುದೂ ಗುರುವಿನ ಕೆಲಸಗಳಲ್ಲೊಂದು.

ಇದಕ್ಕೆ ವಿರುದ್ಧ ದಿಕ್ಕಿನ ನಿದರ್ಶನ ಮೂಡಬಿದಿರೆಯ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರದು. ಕಟ್ಟಡದ ಕೆಲಸದಲ್ಲಿ ಮೈ ಪಳಗಿಸಿಕೊಂಡಿದ್ದ ಅವರು 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಕೋಣಗಳೊಡನೆ 142.5 ಮೀಟರುಗಳನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಪತ್ರಿಕೆಗಳು ಅವರನ್ನು ಉಸೇನ್ ಬೋಲ್ಟರಿಗೆ ಹೋಲಿಸಿದುವು. ಹೋಲಿಕೆ ದುರ್ಬಲವೇ ಸರಿ, ಏಕೆಂದರೆ ಹಗ್ಗ ಹಿಡಿದವನನ್ನು ಕೋಣಗಳೂ ಎಳೆಯುತ್ತವೆ. ಭಾರತೀಯ ಕ್ರೀಡಾ ಪ್ರಾಧಿಕಾರವು ಓಟದ ಪರೀಕ್ಷೆಗೆ ಕರೆದಾಗ ಅವರು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿಯ ಬಳಕೆ, ಟ್ರ್ಯಾಕಿನಲ್ಲಿ ಕಾಲ್ಬೆರಳುಗಳ ಬಳಕೆ. ಎರಡೂ ಬೇರೆ ಬೇರೆ ಎಂಬುದು ಅವರು ಕೊಟ್ಟ ಉತ್ತರವಾಗಿತ್ತು.