ನೀರಿಗೂ ನೆಲಕ್ಕೂ ಒಂದೇ ಕ್ಯಾಮೆರಾ ಸಾಕೇ? ಕಡಿಮೆ ಬಜೆಟ್‌ನಲ್ಲಿ ಆಯ್ಕೆ ಹೇಗೆ, ಇಲ್ಲಿದೆ ಮಾಹಿತಿ

ಕೋಲ್ಕತ್ತಾದ ನ್ಯೂ ಟೌನ್‌ನಿಂದ ವಿಮಾನ ನಿಲ್ದಾಣ ಹತ್ತಿರ. ಅಲ್ಲಿ ವಿಮಾನ ಹತ್ತಿದರೆ ಸುಮಾರು 1,300 ಕಿ.ಮೀ. ದೂರದ ಅಂಡಮಾನ್ ಎರಡು ಗಂಟೆ ಚಿಲ್ಲರೆ ಹಾದಿ. ಹೀಗಾಗಿ ಬೆಂಗಳೂರಿನಿಂದ ಐಟಿ ಕೆಲಸಕ್ಕೆಂದು ನ್ಯೂ ಟೌನ್‌ಗೆ ಬಂದು ನೆಲೆಸಿದ ಕುಟುಂಬಗಳಿಗೂ ರಜೆ ಎಂದರೆ ಮೊದಲು ನೆನಪಾಗುವುದು ಸ್ವರಾಜ್ ದ್ವೀಪ, ಅಂದರೆ ಹಿಂದಿನ ಹ್ಯಾವ್‌ಲಾಕ್. ಟಿಕೆಟ್ ಬುಕ್ ಆದ ಕೂಡಲೇ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ಹವಳ, ಮೀನುಗಳ ಫೋಟೋ ತೆಗೆಯಲು ಯಾವ ಕ್ಯಾಮೆರಾ ಕೊಳ್ಳೋಣ? ಕೊಂಡರೆ ಅದು ವರ್ಷವಿಡೀ ಇಕೋ ಪಾರ್ಕ್, ದುರ್ಗಾ ಪೂಜೆಯ ಪೆಂಡಾಲ್, ಮಕ್ಕಳ ಹುಟ್ಟುಹಬ್ಬಕ್ಕೂ ಆಗಬೇಕಲ್ಲವೇ?

ಕೈಯಲ್ಲಿ 25ರಿಂದ 30 ಸಾವಿರ ರೂಪಾಯಿ ಇಟ್ಟುಕೊಂಡವರಿಗೆ ಈ ಪ್ರಶ್ನೆ ಸಣ್ಣದಲ್ಲ. ತಪ್ಪು ಆಯ್ಕೆ ಮಾಡಿದರೆ ಹಣವೂ ಹೋಗುತ್ತದೆ, ಪ್ರವಾಸದ ಫೋಟೋಗಳೂ ಉಪ್ಪುನೀರಿನ ಪಾಲಾಗುತ್ತವೆ. ಇಂತಹ ಖರೀದಿಯಲ್ಲಿ ಮೊದಲು ನೋಡಬೇಕಾದದ್ದು ಮೆಗಾಪಿಕ್ಸೆಲ್ ಅಲ್ಲ, ಮೀಟರ್. ಎಷ್ಟು ಮೀಟರ್ ಆಳಕ್ಕೆ, ವರ್ಷದಲ್ಲಿ ಎಷ್ಟು ಸಲ ಇಳಿಯುತ್ತೀರಿ ಎಂಬುದು ಗೊತ್ತಾದರೆ ಅರ್ಧ ಆಯ್ಕೆ ಮುಗಿದಂತೆ.

ಆಳದ ಲೆಕ್ಕ ಮೊದಲು

ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಅಂದರೆ 10 ಮೀಟರ್ ಆಳದಲ್ಲಿ ಕ್ಯಾಮೆರಾದ ಮೇಲಿನ ಒತ್ತಡ ದಡದಲ್ಲಿ ಇರುವುದರ ಎರಡರಷ್ಟು. ಬಾಗಿಲಿನ ರಬ್ಬರ್ ಸೀಲ್‌ನಲ್ಲಿ ಒಂದು ಕೂದಲು ಸಿಕ್ಕಿಕೊಂಡಿದ್ದರೂ ನೀರು ಒಳನುಗ್ಗಲು ಅಷ್ಟು ಸಾಕು.

* ಸ್ನಾರ್ಕೆಲಿಂಗ್: ಎಲಿಫೆಂಟ್ ಬೀಚ್‌ನಂತಹ ಕಡೆ ನೀರಿನ ಮೇಲೆ ತೇಲುತ್ತಾ ಕೆಳಗೆ ನೋಡುವುದು. ಹೆಚ್ಚೆಂದರೆ ಎರಡು-ಮೂರು ಮೀಟರ್ ಆಳ. 10 ಮೀಟರ್ ತಡೆಯುವ ಕ್ಯಾಮೆರಾ ಸಾಕು.
* ಮೊದಲ ಸಲದ ಸ್ಕೂಬಾ: ತರಬೇತುದಾರರ ಕೈ ಹಿಡಿದು ಇಳಿಯುವ ಪರಿಚಯ ಡೈವ್‌ಗೆ 12 ಮೀಟರ್ ಮಿತಿ. ಕ್ಯಾಮೆರಾಕ್ಕೆ ಕನಿಷ್ಠ 15 ಮೀಟರ್ ಸಾಮರ್ಥ್ಯ ಬೇಕು.
* ಪ್ರಮಾಣಪತ್ರ ಪಡೆದ ಡೈವರ್‌ಗಳು: ಓಪನ್ ವಾಟರ್ ಹಂತಕ್ಕೆ 18 ಮೀಟರ್, ಅಡ್ವಾನ್ಸ್ಡ್ ಹಂತಕ್ಕೆ 30 ಮೀಟರ್. ಇಲ್ಲಿ ಕ್ಯಾಮೆರಾದ ಜತೆಗೆ ಪ್ರತ್ಯೇಕ ಹೌಸಿಂಗ್ ಪೆಟ್ಟಿಗೆ ಇರುವುದೇ ಸುರಕ್ಷಿತ.

ಬಾಕ್ಸ್ ಮೇಲೆ ಬರೆದ ಆಳವನ್ನು ಗುರಿ ಎಂದು ತಿಳಿಯಬಾರದು. ಅದು ಹೊಸ ಕ್ಯಾಮೆರಾ, ಸ್ವಚ್ಛ ಸೀಲ್ ಇದ್ದಾಗಿನ ಮಿತಿ. ದೋಣಿಯಿಂದ ನೀರಿಗೆ ಧುಮುಕಿದಾಗ ಬೀಳುವ ಹೊಡೆತ ನಿಂತ ನೀರಿನ ಒತ್ತಡಕ್ಕಿಂತ ಹೆಚ್ಚಿರಬಹುದು.

ಐಪಿ68 ಫೋನ್ ಇದ್ದರೆ ಸಾಲದೇ?

ಹೆಚ್ಚಿನವರು ಎಡವುವುದು ಇಲ್ಲಿಯೇ. ಐಪಿ ರೇಟಿಂಗ್‌ನ ಎರಡನೇ ಅಂಕಿ ನೀರಿಗೆ ಸಂಬಂಧಿಸಿದ್ದು. 7 ಎಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ. 8 ಎಂದರೆ ಅದಕ್ಕಿಂತ ಹೆಚ್ಚು. ಎಷ್ಟು ಹೆಚ್ಚು ಎಂಬುದನ್ನು ಕಂಪನಿಯೇ ಹೇಳುತ್ತದೆ. ಸ್ಯಾಮ್‌ಸಂಗ್‌ನ ಹಲವು ಫೋನ್‌ಗಳಿಗೆ ಅದು 1.5 ಮೀಟರ್, ಐಫೋನ್ 12 ಮತ್ತು ನಂತರದ ಬಹುತೇಕ ಐಫೋನ್‌ಗಳಿಗೆ 6 ಮೀಟರ್. ಎರಡಕ್ಕೂ 30 ನಿಮಿಷದ ಮಿತಿ. ಈ ಪರೀಕ್ಷೆಗಳು ನಡೆಯುವುದು ಪ್ರಯೋಗಾಲಯದ ಸಿಹಿನೀರಿನಲ್ಲಿ. ಸಮುದ್ರದ ಉಪ್ಪು, ಈಜುಕೊಳದ ಕ್ಲೋರಿನ್ ಲೆಕ್ಕಕ್ಕೆ ಬರುವುದಿಲ್ಲ. ನೀರು ಹೊಕ್ಕು ಹಾಳಾದ ಫೋನ್‌ಗೆ ಸಾಮಾನ್ಯ ವಾರಂಟಿಯೂ ಸಿಗುವುದಿಲ್ಲ. ಕೋಲ್ಕತ್ತಾದ ಮಳೆಯಲ್ಲಿ ನೆನೆದರೆ ಬಚಾವಾಗಲು ಐಪಿ68 ಒಳ್ಳೆಯದು, ಸಮುದ್ರಕ್ಕೆ ಇಳಿಸಲು ಅಲ್ಲ.

ಕೆಲವು ನೂರು ರೂಪಾಯಿಗೆ ಸಿಗುವ ಪ್ಲಾಸ್ಟಿಕ್ ಪೌಚ್ ದಡದ ಅಲೆಗಳಿಗೆ, ದೋಣಿ ವಿಹಾರಕ್ಕೆ ಸರಿ. ಬಳಸುವ ಮುನ್ನ ಒಂದು ಪರೀಕ್ಷೆ ಮಾಡಿ: ಪೌಚ್ ಒಳಗೆ ಫೋನ್ ಬದಲು ಟಿಶ್ಯೂ ಪೇಪರ್ ಇಟ್ಟು, ಮೇಲೊಂದು ಭಾರ ಹೇರಿ, ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ. ಪೇಪರ್ ಒದ್ದೆಯಾದರೆ ಪೌಚ್ ಕಸದ ಬುಟ್ಟಿಗೆ. ನೀರಿನೊಳಗೆ ಟಚ್‌ಸ್ಕ್ರೀನ್ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂಬುದೂ ನೆನಪಿರಲಿ. ಕ್ಯಾಮೆರಾ ಆ್ಯಪ್ ತೆರೆದಿಟ್ಟು ವಾಲ್ಯೂಮ್ ಬಟನ್‌ನಿಂದ ಕ್ಲಿಕ್ಕಿಸಬೇಕು.

ಮಾರುಕಟ್ಟೆಯಲ್ಲಿ ಇರುವ ಎರಡು ದಾರಿ

1. ಆ್ಯಕ್ಷನ್ ಕ್ಯಾಮೆರಾ

ಅಂಗೈಯಲ್ಲಿ ಅಡಗುವ ಇವು ಮುಖ್ಯವಾಗಿ ವಿಡಿಯೋಗಾಗಿ. ಲೆನ್ಸ್ ತುಂಬಾ ಅಗಲ ನೋಟದ್ದು, ಕೈ ನಡುಗಿದರೂ ವಿಡಿಯೋ ಅಲುಗಾಡುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಗೋಪ್ರೊ ಹೀರೋ 13 ಬ್ಲ್ಯಾಕ್ 10 ಮೀಟರ್ ತಡೆಯುತ್ತದೆ, 27 ಮೆಗಾಪಿಕ್ಸೆಲ್ ಫೋಟೋ ತೆಗೆಯುತ್ತದೆ. ಬಿಡುಗಡೆ ವೇಳೆ ಭಾರತದಲ್ಲಿ ಇದರ ಬೆಲೆ ಸುಮಾರು 45 ಸಾವಿರ ರೂ. ಜತೆಗೇ ಬಂದ ಅಗ್ಗದ ಗೋಪ್ರೊ ಹೀರೋಗೆ ಸುಮಾರು 24 ಸಾವಿರ ರೂ. ಬಜೆಟ್‌ಗೆ ಹೊಂದುತ್ತದೆ ಎಂದು ಕೊಳ್ಳುವ ಮುನ್ನ ಎರಡು ಮಾತು: ಅದರ ಮಿತಿ 5 ಮೀಟರ್ ಮಾತ್ರ ಮತ್ತು ಬ್ಯಾಟರಿ ಬದಲಿಸಲು ಬರುವುದಿಲ್ಲ. ಸ್ನಾರ್ಕೆಲಿಂಗ್‌ಗೆ ಸಾಕು, ಸ್ಕೂಬಾಗೆ ಸಾಲದು.

ಡಿಜೆಐ ಓಸ್ಮೊ ಆ್ಯಕ್ಷನ್ 4ಕ್ಕೆ 18 ಮೀಟರ್, ಆ್ಯಕ್ಷನ್ 5 ಪ್ರೊಗೆ 20 ಮೀಟರ್ ಸಾಮರ್ಥ್ಯವಿದೆ. ಪ್ರತ್ಯೇಕ ಪೆಟ್ಟಿಗೆ ಹಾಕಿದರೆ ಎರಡನ್ನೂ 60 ಮೀಟರ್‌ವರೆಗೆ ಒಯ್ಯಬಹುದು.

ದಿನಬಳಕೆಗೆ? ಇವುಗಳಲ್ಲಿ ಆಪ್ಟಿಕಲ್ ಝೂಮ್ ಇಲ್ಲ, ಫ್ಲ್ಯಾಷ್ ಇಲ್ಲ. ಇಕೋ ಪಾರ್ಕ್ ಕೆರೆಯ ಆಚೆ ದಡದ ಹಕ್ಕಿ ಚುಕ್ಕೆಯಾಗಿ ಕಾಣುತ್ತದೆ. ಮುಖದ ಹತ್ತಿರ ಹಿಡಿದರೆ ಮೂಗು ದೊಡ್ಡದಾಗುತ್ತದೆ. ಆದರೆ ಬೈಕ್ ಸವಾರಿ, ಮಕ್ಕಳ ಈಜು, ಹೋಳಿಯ ಬಣ್ಣದಾಟಕ್ಕೆ ಇವಕ್ಕಿಂತ ಹೊಂದುವ ಕ್ಯಾಮೆರಾ ಕಡಿಮೆ.

2. ವಾಟರ್‌ಪ್ರೂಫ್ ಕಾಂಪ್ಯಾಕ್ಟ್ ಕ್ಯಾಮೆರಾ

ನೋಡಲು ಹಳೆಯ ಡಿಜಿಟಲ್ ಕ್ಯಾಮೆರಾದಂತೆಯೇ ಇರುವ, ಝೂಮ್ ಮತ್ತು ಫ್ಲ್ಯಾಷ್ ಇರುವ ಗಟ್ಟಿ ಕ್ಯಾಮೆರಾಗಳಿವು. 2023ರಲ್ಲಿ ಬಂದ ಓಎಂ ಸಿಸ್ಟಂ ಟಫ್ ಟಿಜಿ-7 ಈ ವರ್ಗದ ಮುಂಚೂಣಿ ಮಾದರಿ. 15 ಮೀಟರ್ ಆಳ, 2.1 ಮೀಟರ್ ಎತ್ತರದಿಂದ ಬಿದ್ದರೂ ತಡೆಯುವ ಮೈ, 4 ಪಟ್ಟು ಝೂಮ್, ಕಡಿಮೆ ಬೆಳಕಿಗೆ ಎಫ್2 ಲೆನ್ಸ್. ಕೇವಲ 12 ಮೆಗಾಪಿಕ್ಸೆಲ್ ಎಂದು ಮೂಗು ಮುರಿಯಬೇಡಿ. ಒಂದು ಸೆಂಟಿಮೀಟರ್ ಹತ್ತಿರದ ವಸ್ತುವನ್ನೂ ಫೋಕಸ್ ಮಾಡುವ ಇದರ ಮೈಕ್ರೋಸ್ಕೋಪ್ ಮೋಡ್ ಹವಳದ ಸೂಕ್ಷ್ಮ ರಚನೆಗೂ ತೋಟದ ಇರುವೆಗೂ ಒಂದೇ ಸಮ ಹೊಂದುತ್ತದೆ. ಅಮೆರಿಕದಲ್ಲಿ ಬಿಡುಗಡೆ ಬೆಲೆ 550 ಡಾಲರ್ ಆಗಿತ್ತು. 30 ಸಾವಿರದ ಬಜೆಟ್‌ಗೆ ಇದು ದಕ್ಕುವುದಿಲ್ಲ.

ಇದಕ್ಕಿಂತ ಅಗ್ಗದ್ದು ಬೇಕೆಂದರೆ ಪೆಂಟಾಕ್ಸ್ ಡಬ್ಲ್ಯುಜಿ-90 ಇದೆ. 16 ಮೆಗಾಪಿಕ್ಸೆಲ್, 5 ಪಟ್ಟು ಝೂಮ್, 14 ಮೀಟರ್ ಆಳ. ಲೆನ್ಸ್ ಸುತ್ತ ಆರು ಎಲ್‌ಇಡಿ ದೀಪಗಳಿವೆ. ಆದರೆ ವಿಡಿಯೋ 4ಕೆ ಅಲ್ಲ, ಫುಲ್ ಎಚ್‌ಡಿ. ಆನ್‌ಲೈನ್‌ನಲ್ಲಿ ಕಂಡಾಗ ಭಾರತದ ಅಧಿಕೃತ ವಾರಂಟಿ ಇದೆಯೇ ಎಂದು ನೋಡಿಯೇ ಮುಂದುವರಿಯಿರಿ.

ಒಂದು ಕಾಲದಲ್ಲಿ ನಿಕಾನ್ ಡಬ್ಲ್ಯು300, ಫ್ಯೂಜಿಫಿಲ್ಮ್ ಎಕ್ಸ್‌ಪಿ140ನಂತಹ ಮಾದರಿಗಳು ಇದೇ ವರ್ಗದಲ್ಲಿ ಜನಪ್ರಿಯವಾಗಿದ್ದವು. ಈಗ ಅವು ತಯಾರಾಗುತ್ತಿಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೂ ರಬ್ಬರ್ ಸೀಲ್‌ಗೆ ವಯಸ್ಸಾಗಿರುತ್ತದೆ. ನೆಲದ ಮೇಲೆ ಬಳಸಲು ಅಡ್ಡಿಯಿಲ್ಲ, ನೀರಿಗೆ ಇಳಿಸುವುದು ಜೂಜು.

ದಿನಬಳಕೆಯ ಸತ್ಯ ಏನು?

ಮಾರಾಟಗಾರರು ಹೇಳದ ಮಾತೊಂದಿದೆ. ಬಹುತೇಕ ವಾಟರ್‌ಪ್ರೂಫ್ ಕಾಂಪ್ಯಾಕ್ಟ್‌ಗಳ ಸೆನ್ಸರ್ ಚಿಕ್ಕದು, ಸುಮಾರು 1/2.3 ಇಂಚಿನದು. ಹಗಲು ಬೆಳಕಿನಲ್ಲಿ ಫೋಟೋ ಚೆನ್ನಾಗಿಯೇ ಬರುತ್ತದೆ. ಆದರೆ ರಾತ್ರಿ ಪೂಜಾ ಪೆಂಡಾಲ್‌ನ ದೀಪಾಲಂಕಾರ, ಬಿಸ್ವ ಬಾಂಗ್ಲಾ ಗೇಟ್‌ನ ಬೆಳಕು, ಮನೆಯೊಳಗಿನ ಆರತಿ ಇವನ್ನೆಲ್ಲ ಇಂದಿನ ಮಧ್ಯಮ ಬೆಲೆಯ ಸ್ಮಾರ್ಟ್‌ಫೋನೇ ಹೆಚ್ಚು ಸ್ಪಷ್ಟವಾಗಿ ಸೆರೆಹಿಡಿಯುತ್ತದೆ. ಹಲವು ಫ್ರೇಮ್‌ಗಳನ್ನು ಒಟ್ಟುಗೂಡಿಸಿ ಒಂದು ಚಿತ್ರ ಮಾಡುವ ಫೋನ್‌ನ ತಂತ್ರಾಂಶ ಅಷ್ಟು ಮುಂದುವರಿದಿದೆ.

ಹಾಗಾದರೆ ಕಾಂಪ್ಯಾಕ್ಟ್ ಗೆಲ್ಲುವುದು ಎಲ್ಲಿ? ಆಪ್ಟಿಕಲ್ ಝೂಮ್, ತೀರಾ ಹತ್ತಿರದ ಫೋಟೋ, ಮಳೆ, ಕೆಸರು, ಮರಳು, ಹಾಗೂ ಮಕ್ಕಳ ಕೈಗೆ ಧೈರ್ಯವಾಗಿ ಕೊಡಬಹುದು ಎಂಬ ನೆಮ್ಮದಿ. ಇವು ನಿಮ್ಮ ದಿನಚರಿಯಲ್ಲಿ ಇಲ್ಲದಿದ್ದರೆ ‘ಎರಡಕ್ಕೂ ಒಂದೇ ಕ್ಯಾಮೆರಾ’ ಎಂಬ ಲೆಕ್ಕ ಕೂಡಿಬರುವುದಿಲ್ಲ.

ನೀರಿನೊಳಗೆ ಬಣ್ಣ ಏಕೆ ಮಾಯ?

ದುಬಾರಿ ಕ್ಯಾಮೆರಾದಲ್ಲಿ ತೆಗೆದರೂ ಎಲ್ಲವೂ ನೀಲಿ-ಹಸಿರು ಎಂದು ಬೇಸರಪಡುವವರು ಬಹಳ. ಅದು ಕ್ಯಾಮೆರಾದ ದೋಷವಲ್ಲ. ನೀರು ಮೊದಲು ನುಂಗುವುದು ಕೆಂಪು ಬೆಳಕನ್ನು. ಐದಾರು ಮೀಟರ್ ದಾಟುವಷ್ಟರಲ್ಲಿ ಕೆಂಪು ಬಹುಪಾಲು ಕಾಣೆಯಾಗಿ, ಕೆಂಪು ಟೀ ಶರ್ಟ್ ಕಂದಾಗಿ ಕಾಣುತ್ತದೆ. ನಂತರ ಕಿತ್ತಳೆ, ಹಳದಿಯ ಸರದಿ.

* ಕ್ಯಾಮೆರಾದಲ್ಲಿ ಅಂಡರ್‌ವಾಟರ್ ಮೋಡ್ ಅಥವಾ ವೈಟ್ ಬ್ಯಾಲೆನ್ಸ್ ಇದ್ದರೆ ದಡದಲ್ಲಿಯೇ ಹೊಂದಿಸಿಕೊಳ್ಳಿ.
* ವಸ್ತುವಿಗೆ ಒಂದು ಮೀಟರ್‌ಗಿಂತ ಹತ್ತಿರ ಹೋಗಿ. ಮಧ್ಯೆ ನೀರು ಕಡಿಮೆಯಿದ್ದಷ್ಟೂ ಬಣ್ಣ, ಸ್ಪಷ್ಟತೆ ಹೆಚ್ಚು.
* ನೀರಿನೊಳಗೆ ವಸ್ತುಗಳು ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತವೆ. ಆದ್ದರಿಂದ ಝೂಮ್ ಬಿಟ್ಟು ಅಗಲ ನೋಟವನ್ನೇ ಬಳಸಿ.
* ಕದಡಿದ ನೀರಿನಲ್ಲಿ ಫ್ಲ್ಯಾಷ್ ಬೇಡ. ತೇಲುವ ಕಣಗಳು ಹೊಳೆದು ಫೋಟೋ ತುಂಬ ಹಿಟ್ಟು ಚೆಲ್ಲಿದಂತೆ ಕಾಣುತ್ತದೆ.
* ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಸೂರ್ಯ ನೆತ್ತಿಯ ಬಳಿ ಇರುವುದರಿಂದ ಬೆಳಕು ಆಳಕ್ಕೆ ಇಳಿಯುತ್ತದೆ.

ಎಲ್ಲಿ, ಹೇಗೆ ಕೊಳ್ಳಬೇಕು?

ಕೋಲ್ಕತ್ತಾದಲ್ಲಿ ಕ್ಯಾಮೆರಾ ಎಂದರೆ ಧರ್ಮತಲಾದ ಮೆಟ್ರೊ ಗಲಿ. ಬೆಲೆಯಲ್ಲಿ ಚೌಕಾಸಿಗೆ ಅವಕಾಶವಿದೆ, ಕೈಯಲ್ಲಿ ಹಿಡಿದು ನೋಡಬಹುದು. ಬಿಲ್ ಇಲ್ಲದೆ ಅಗ್ಗಕ್ಕೆ ಕೊಡುತ್ತೇವೆ ಎಂದರೆ ಮಾತ್ರ ಹಿಂದೆ ಸರಿಯಿರಿ. ಡಿಜಿಟಲ್ ಕ್ಯಾಮೆರಾ ಮೇಲಿನ ಜಿಎಸ್‌ಟಿ 2019ರ ಜನವರಿಯಿಂದ ಶೇ 28ರ ಬದಲು ಶೇ 18. ಆ ತೆರಿಗೆ ಉಳಿಸಲು ಹೋಗಿ ವಾರಂಟಿ ಕಳೆದುಕೊಂಡರೆ, ಮೊದಲ ಸೋರಿಕೆಗೇ ಪೂರ್ತಿ ಹಣ ನೀರುಪಾಲು. ಆಮದು ವಸ್ತುವಿನ ಬಾಕ್ಸ್ ಮೇಲೆ ಆಮದುದಾರರ ಹೆಸರು, ವಿಳಾಸ ಮತ್ತು ಎಂಆರ್‌ಪಿ ಇರಲೇಬೇಕು. ವಾರಂಟಿ ಕಾರ್ಡ್‌ನಲ್ಲಿ ನೀರಿನ ಹಾನಿಯ ಬಗ್ಗೆ ಏನು ಬರೆದಿದೆ ಎಂಬುದನ್ನು ಅಂಗಡಿಯಲ್ಲೇ ಓದಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು.

ಬೆಲೆ ಲೆಕ್ಕ ಹಾಕುವಾಗ ಹೆಚ್ಚುವರಿ ಬ್ಯಾಟರಿ, ಮೆಮೊರಿ ಕಾರ್ಡ್, ಕೈಜಾರಿದರೂ ಕ್ಯಾಮೆರಾವನ್ನು ತೇಲಿಸುವ ಪಟ್ಟಿ ಇವನ್ನೂ ಸೇರಿಸಿ. ವಿಮಾನದಲ್ಲಿ ಹೆಚ್ಚುವರಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜ್‌ನಲ್ಲಿ ಅಲ್ಲ.

ಕೊಂಡ ಮೇಲೆ ಕಾಪಾಡುವುದು ಹೇಗೆ?

1. ನೀರಿಗೆ ಇಳಿಯುವ ಮುನ್ನ ಬ್ಯಾಟರಿ ಬಾಗಿಲಿನ ಸೀಲ್ ಮೇಲೆ ಕೂದಲು, ಮರಳು ಇದೆಯೇ ನೋಡಿ, ಮೃದು ಬಟ್ಟೆಯಿಂದ ಒರೆಸಿ.
2. ಬಾಗಿಲನ್ನು ಸಮುದ್ರ ದಂಡೆಯಲ್ಲಿ ತೆರೆಯಬೇಡಿ. ಬ್ಯಾಟರಿ, ಕಾರ್ಡ್ ಬದಲಾವಣೆ ಹೋಟೆಲಿನ ಎಸಿ ಕೋಣೆಯಲ್ಲಿ ಆಗಲಿ. ತೇವದ ಗಾಳಿ ಒಳಗೆ ಸಿಕ್ಕಿಕೊಂಡರೆ ತಣ್ಣನೆಯ ನೀರಿನಲ್ಲಿ ಲೆನ್ಸ್ ಒಳಗಿನಿಂದ ಮಂಜಾಗುತ್ತದೆ.
3. ಸಮುದ್ರದಿಂದ ಮೇಲೆ ಬಂದ ಕೂಡಲೇ ಬಾಗಿಲು ತೆರೆಯದೆ ಸಿಹಿನೀರಿನಲ್ಲಿ ಹತ್ತು ನಿಮಿಷವಾದರೂ ನೆನೆಸಿ, ಬಟನ್‌ಗಳನ್ನು ಒತ್ತುತ್ತಾ ಉಪ್ಪು ಬಿಡಿಸಿ. ನೆರಳಿನಲ್ಲಿ ಒಣಗಿಸಿ.
4. ಕೋಲ್ಕತ್ತಾದ ಮಳೆಗಾಲದ ತೇವಕ್ಕೆ ಲೆನ್ಸ್‌ನಲ್ಲಿ ಬೂಷ್ಟು ಹಿಡಿಯುವುದು ಸಾಮಾನ್ಯ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜತೆ ಇಡಿ. ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಇಡಬೇಡಿ.

ಫೋಟೋಗಾಗಿ ಹವಳದ ಮೇಲೆ ನಿಲ್ಲುವುದು, ಮುರಿಯುವುದು ಬೇಡ. ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದ ರಕ್ಷಣೆಯಲ್ಲಿವೆ.

ಕೊನೆಗೆ ಯಾರಿಗೆ ಯಾವುದು?

ವರ್ಷಕ್ಕೊಮ್ಮೆ ಮಾತ್ರ ಸಮುದ್ರ, ಉಳಿದಂತೆ ಮನೆ-ಪಾರ್ಕ್-ಹಬ್ಬ ಎನ್ನುವವರು ಹೊಸ ಕ್ಯಾಮೆರಾವನ್ನೇ ಕೊಳ್ಳಬೇಕಿಲ್ಲ. 30 ಸಾವಿರ ಕೊಟ್ಟು ತಂದ ಕ್ಯಾಮೆರಾ ಎರಡು ಗಂಟೆ ನೀರಿನಲ್ಲಿದ್ದರೆ ಗಂಟೆಗೆ 15 ಸಾವಿರ ಬಿದ್ದಂತೆ. ಅಂಡಮಾನ್‌ನಲ್ಲಾಗಲಿ ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲಾಗಲಿ, ಹಲವು ಡೈವಿಂಗ್ ಕೇಂದ್ರಗಳಲ್ಲಿ ಮಾರ್ಗದರ್ಶಕರೇ ಫೋಟೋ, ವಿಡಿಯೋ ತೆಗೆದುಕೊಡುತ್ತಾರೆ. ಬುಕ್ ಮಾಡುವಾಗಲೇ ಅದು ಪ್ಯಾಕೇಜ್‌ನಲ್ಲಿ ಸೇರಿದೆಯೇ ಎಂದು ಕೇಳಿಕೊಳ್ಳಿ. ಮೊದಲ ಸಲ ಸ್ಕೂಬಾ ಮಾಡುವವರ ಗಮನ ಉಸಿರಾಟದ ಮೇಲಿರಬೇಕೇ ಹೊರತು ಕ್ಯಾಮೆರಾ ಮೇಲಲ್ಲ.

ಈಜು, ಸ್ನಾರ್ಕೆಲಿಂಗ್, ಬೈಕ್ ಪ್ರವಾಸ ಆಗಾಗ ಇದ್ದು ವಿಡಿಯೋ ಇಷ್ಟಪಡುವವರಿಗೆ ಆ್ಯಕ್ಷನ್ ಕ್ಯಾಮೆರಾ. ಫೋಟೋವೇ ಮುಖ್ಯ, ಝೂಮ್ ಬೇಕು, ಮಳೆ-ಕೆಸರಿನಲ್ಲಿ ವರ್ಷವಿಡೀ ಓಡಾಟ ಎನ್ನುವವರು ಇನ್ನಷ್ಟು ದಿನ ಹಣ ಕೂಡಿಸಿ ಒಳ್ಳೆಯ ವಾಟರ್‌ಪ್ರೂಫ್ ಕಾಂಪ್ಯಾಕ್ಟ್ ಕೊಳ್ಳುವುದು ಲೇಸು. ಯಾವುದನ್ನೇ ತಂದರೂ ಪ್ರವಾಸದ ಹಿಂದಿನ ದಿನ ಬಾಕ್ಸ್ ತೆರೆಯಬೇಡಿ. ಒಂದು ತಿಂಗಳು ಮೊದಲೇ ಕೊಂಡು, ಬಕೆಟ್‌ನಲ್ಲಿ, ಆಮೇಲೆ ಈಜುಕೊಳದಲ್ಲಿ ಮುಳುಗಿಸಿ ನೋಡಿ. ಸೋರುವುದಿದ್ದರೆ ಅಂಗಡಿ ಹತ್ತಿರ ಇರುವಾಗಲೇ ಸೋರಲಿ.