ಒಲೆ ಉರಿಸುವುದೋ, ಆರಿಸುವುದೋ? ರೇಷ್ಮೆ ನೂಲಿನವರ ಚರಿತ್ರೆಯಿಂದ ಒಂದು ಪಾಠ

ಕಳೆದ ತಿಂಗಳು ಒಂದು ಜುಮಾ ಮುಗಿದ ಮೇಲೆ ರೇಷ್ಮೆ ನೂಲು ಬಿಚ್ಚುವ ಕಸುಬಿನ ಹಿರಿಯರೊಬ್ಬರು ನಮ್ಮ ಹತ್ತಿರ ಬಂದು ಕುಳಿತರು. "ಮೌಲಾನಾ, ನಾಲ್ಕು ಬೇಸಿನ್ ಓಡುತ್ತಿದ್ದವು, ಈಗ ಎರಡು. ಗೂಡಿಗೆ ಕೈಯಲ್ಲಿ ನಗದು ಬೇಕು, ನೂಲು ಮಾತ್ರ ಸಾಲಕ್ಕೆ ಹೋಗುತ್ತದೆ. ಎಲ್ಲರೂ ಸಬರ್ ಮಾಡಿ ಅನ್ನುತ್ತಾರೆ. ಸಬರ್ ಅಂದರೆ ಒಲೆ ಉರಿಸುತ್ತಾ ಇರುವುದೋ, ಆರಿಸುವುದೋ ಹೇಳಿ" ಎಂದರು. ನಮಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಒಂದು ವಾರ ಆ ಕಸುಬಿನ ಚರಿತ್ರೆಯನ್ನು ಓದಿದೆವು, ನಾಲ್ಕಾರು ರೀಲರ್‌ಗಳನ್ನು ಮಾತಾಡಿಸಿದೆವು. ಮುಂದಿನ ಶುಕ್ರವಾರ ಹೇಳಿದ ಮಾತುಗಳ ಸಾರ ಇಲ್ಲಿದೆ.

ಸಹೋದರರೇ, ಮೈಸೂರು ಸೀಮೆಗೆ ರೇಷ್ಮೆ ಹುಳು ತನ್ನಷ್ಟಕ್ಕೆ ಬಂದದ್ದಲ್ಲ. 1780ರ ದಶಕದಲ್ಲಿ ಟಿಪ್ಪು ಸುಲ್ತಾನರು ಬಂಗಾಳಕ್ಕೆ ಜನರನ್ನು ಕಳುಹಿಸಿ ಹುಳು ಸಾಕುವ ವಿದ್ಯೆಯನ್ನು ತರಿಸಿದರು, ರಾಜ್ಯದ ಹಲವೆಡೆ ಸಾಕಣೆಗೆ ಏರ್ಪಾಡು ಮಾಡಿಸಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಅರಮನೆಯ ಆಸರೆ ತಪ್ಪಿತು. ಸುಲ್ತಾನರು ಆರಂಭಿಸಿದ ಎಷ್ಟೋ ಕಾರ್ಖಾನೆಗಳು ಅಲ್ಲಿಗೇ ಮುಗಿದವು. ಆದರೆ ರೇಷ್ಮೆ ಮುಗಿಯಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಅದು ಅರಮನೆಯಿಂದ ಹಳ್ಳಿಯ ಮನೆಗೆ ಇಳಿದಿತ್ತು. ಹೊಲದ ಬದುವಿನಲ್ಲಿ ಹಿಪ್ಪುನೇರಳೆ, ಮನೆಯ ಒಳಗೆ ತಟ್ಟೆಯಲ್ಲಿ ಹುಳು, ಹಿತ್ತಲಲ್ಲಿ ಚರಕ. ಖರ್ಚು ಕಡಿಮೆ ಇದ್ದುದೇ ಅದನ್ನು ಉಳಿಸಿತು.

ಎರಡನೆಯ ಹೊಡೆತ ರೋಗದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಗಂಟು ರೋಗ ಯುರೋಪಿನ ರೇಷ್ಮೆಯನ್ನು ಹಾಳು ಮಾಡಿತು, ನಮ್ಮ ಸೀಮೆಯನ್ನೂ ಬಿಡಲಿಲ್ಲ. ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುತ್ತದೆ ಎಂದು ಫ್ರಾನ್ಸಿನ ಲೂಯಿ ಪಾಶ್ಚರ್ ತೋರಿಸಿಕೊಟ್ಟರು. ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವಿಲ್ಲದ ಮೊಟ್ಟೆಯನ್ನಷ್ಟೇ ಉಳಿಸಿಕೊಳ್ಳುವುದು ಅವರ ವಿಧಾನ. 1890ರ ದಶಕದಲ್ಲಿ ಜೆಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನಿನ ತಜ್ಞರ ನೆರವಿನಿಂದ ರೇಷ್ಮೆ ತೋಟ ಮಾಡಿಸಿದರು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಕಟ್ಟಿಸಿದರು. ಅಪ್ಪ ಸಾಕಿದ ಹಾಗೆಯೇ ಸಾಕುತ್ತೇನೆ ಎಂದು ರೋಗದ ಮೊಟ್ಟೆಯನ್ನೇ ಹಿಡಿದು ಕುಳಿತಿದ್ದರೆ ಬರಿಯ ದುಆದಿಂದ ಹುಳು ಬದುಕುತ್ತಿರಲಿಲ್ಲ. ಒಂಟೆಯನ್ನು ಕಟ್ಟಿ ಆಮೇಲೆ ತವಕ್ಕುಲ್ ಮಾಡಬೇಕೆಂಬುದನ್ನು ನಾವು ಮದ್ರಸಾದ ಮಕ್ಕಳಿಗೂ ಕಲಿಸುತ್ತೇವಲ್ಲವೇ?

ಮೂರನೆಯದು ಮಾರುಕಟ್ಟೆಯ ಹೊಡೆತ. 1929ರ ನಂತರ ಲೋಕವೆಲ್ಲ ಆರ್ಥಿಕ ಮುಗ್ಗಟ್ಟಿಗೆ ಸಿಲುಕಿತು. ಜಪಾನ್ ಮತ್ತು ಚೀನಾದ ಅಗ್ಗದ ರೇಷ್ಮೆ ನಮ್ಮ ಪೇಟೆಗೆ ನುಗ್ಗಿತು, ಜೊತೆಗೆ ಕೃತಕ ರೇಷ್ಮೆಯೂ ಬಂತು. ಇಲ್ಲಿ ರೈತನೂ ಚರಕದವನೂ ತಪ್ಪು ಮಾಡಿರಲಿಲ್ಲ. ಎಷ್ಟು ದುಡಿದರೂ ಕೈಗೆ ಅಸಲು ಬರುತ್ತಿರಲಿಲ್ಲ. ಕೊನೆಗೆ 1934ರಲ್ಲಿ ಸರ್ಕಾರ ಹೊರಗಿನ ರೇಷ್ಮೆಗೆ ರಕ್ಷಣಾ ಸುಂಕ ಹಾಕಿತು. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಚೂಟಿಗೆ ರೇಷ್ಮೆ ಬೇಕಾದಾಗ ಬೇಡಿಕೆ ಏರಿತು, ಯುದ್ಧ ಮುಗಿದ ಮೇಲೆ ಇಳಿಯಿತು. ಈ ಏರಿಳಿತ ನಮ್ಮ ಕಾಲದಲ್ಲೂ ನಿಂತಿಲ್ಲ. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ 5ಕ್ಕೆ ಇಳಿಸಿತು. ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು ಶೇ. 15ಕ್ಕೆ ಏರಿಸಬೇಕಾಯಿತು. 2020ರಲ್ಲಿ ಲಾಕ್‌ಡೌನ್ ಬಂದು ಮದುವೆಗಳು ನಿಂತವು. ಸೀರೆ ಕೊಳ್ಳುವವರಿಲ್ಲದ ಮೇಲೆ ನೂಲು ಯಾರಿಗೆ?

ಈ ಕಸುಬಿನ ಒಳಗಿನ ಕಷ್ಟವನ್ನು ಹೊರಗಿನವರು ತಿಳಿಯಬೇಕು. ಗೂಡು ಕಟ್ಟಿದ ಹುಳು ಕೆಲವೇ ದಿನಗಳಲ್ಲಿ ಚಿಟ್ಟೆಯಾಗಿ ಗೂಡು ಒಡೆದು ಹೊರಬರುತ್ತದೆ. ಆದ್ದರಿಂದ ರೈತ ಕಾಯುವಂತಿಲ್ಲ, ರೀಲರ್ ಕೂಡ ಕಾಯುವಂತಿಲ್ಲ. ಒಂದು ಕಿಲೋ ನೂಲಿಗೆ ಆರೇಳು ಕಿಲೋ ಗೂಡು ಬೇಕು, ತಳಿ ಸರಿಯಿಲ್ಲದಿದ್ದರೆ ಇನ್ನೂ ಹೆಚ್ಚು. ಬೆಳಿಗ್ಗೆ ಹರಾಜಿನಲ್ಲಿ ಗೂಡು ಹಿಡಿದು, ಬಿಸಿ ನೀರಿನಲ್ಲಿ ಬೇಯಿಸಿ, ಎಳೆ ತೆಗೆದು ನೂಲು ಮಾಡುವಷ್ಟರಲ್ಲಿ ನೂಲಿನ ಬೆಲೆ ಇಳಿದರೆ ನಷ್ಟವೆಲ್ಲ ರೀಲರಿನದೇ. ಅವನ ಕೈಯಲ್ಲಿ ಬಂಡವಾಳ ಇಲ್ಲದಿದ್ದರೆ ವ್ಯಾಪಾರಿಯ ಮುಂಗಡಕ್ಕೆ ಕೈಯೊಡ್ಡುತ್ತಾನೆ, ಆಮೇಲೆ ಆ ವ್ಯಾಪಾರಿ ಹೇಳಿದ್ದೇ ಬೆಲೆ. ಈ ಕಟ್ಟು ಬಿಡಿಸಲೆಂದೇ 1979ರಲ್ಲಿ ಕರ್ನಾಟಕ ರೇಷ್ಮೆ ಮಾರಾಟ ಮಂಡಳಿ ಹುಟ್ಟಿತು. ಬೆಲೆ ಬಿದ್ದಾಗ ನೂಲು ಕೊಂಡು ರೀಲರನ್ನು ಎತ್ತಿಹಿಡಿಯುವುದು ಅದರ ಉದ್ದೇಶ. ಹಾಗಾಗಿ ಸಣ್ಣ ಕಸುಬುದಾರ ಸೋತಾಗ ಅವನ ಸೋಮಾರಿತನವನ್ನೋ ತಕ್ದೀರನ್ನೋ ದೂರಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಸರ್ಕಾರದ ಮುಂದೆ ಒಟ್ಟಾಗಿ ಕೇಳುವುದು ಅವನ ಹಕ್ಕು.

ರಾಮನಗರ, ಶಿಡ್ಲಘಟ್ಟದಂತಹ ಊರುಗಳಲ್ಲಿ ನೂಲು ತೆಗೆಯುವವರಲ್ಲಿ ಮುಸ್ಲಿಮರು ಬಹಳ. ಗೂಡು ತರುವವರು ಸುತ್ತಲಿನ ಹಳ್ಳಿಯ ರೈತರು. ಇವನ ಒಲೆ ಆರಿದರೆ ಅವನ ಹೊಲ ಒಣಗುತ್ತದೆ. ತೂಕದಲ್ಲಿ, ಹಣ ಕೊಡುವುದರಲ್ಲಿ ಒಮ್ಮೆ ನಂಬಿಕೆ ಕೆಟ್ಟರೆ ಅದನ್ನು ಯಾವ ಮಂಡಳಿಯೂ ಕೊಂಡು ತಂದುಕೊಡದು.

ಹಿರಿಯರ ಪ್ರಶ್ನೆಗೆ ಈಗ ಬರೋಣ. ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಮಕ್ಕಾದಲ್ಲಿ ವ್ಯಾಪಾರಸ್ಥರು. ಹಿಜ್ರತ್ ಮಾಡಿ ಬರಿಗೈಯಲ್ಲಿ ಮದೀನಾಕ್ಕೆ ಬಂದರು. ಹಝ್ರತ್ ಸಅದ್ ಬಿನ್ ರಬೀಅ್(ರ) ತಮ್ಮ ಆಸ್ತಿಯ ಅರ್ಧ ಕೊಡುತ್ತೇನೆಂದರು. ಅವರು ಬರಕತ್‌ಗಾಗಿ ದುಆ ಮಾಡಿ, ಪೇಟೆ ಎಲ್ಲಿದೆ ಎಂದಷ್ಟೇ ಕೇಳಿದರು. ಗಿಣ್ಣು ಮತ್ತು ತುಪ್ಪದ ಸಣ್ಣ ವ್ಯಾಪಾರದಿಂದ ಮತ್ತೆ ಶುರು ಮಾಡಿದರು. ಹಿಂದೆ ಎಷ್ಟು ದೊಡ್ಡವನಾಗಿದ್ದೆ ಎಂಬ ಲೆಕ್ಕ ಹಿಡಿದು ಕೂರಲಿಲ್ಲ.

ಆದ್ದರಿಂದ ನಾವು ಆ ಹಿರಿಯರಿಗೆ ಹೇಳಿದ್ದು ಇಷ್ಟೇ. ಮೊದಲು ಲೆಕ್ಕದ ಪುಸ್ತಕ ತೆರೆಯಿರಿ, ಹೆದರದೆ ನೋಡಿ. ಎರಡು ಬೇಸಿನ್ ಕೂಲಿಯನ್ನೂ ಗೂಡಿನ ಹಣವನ್ನೂ ಹುಟ್ಟಿಸುತ್ತಿದ್ದರೆ ಎರಡೇ ಓಡಲಿ. ನಾಲ್ಕಿತ್ತೆಂಬ ಮಾನಕ್ಕಾಗಿ ಬಡ್ಡಿಯ ಹಣ ತರಬೇಡಿ. ಎರಡರಲ್ಲೂ ತಿಂಗಳು ತಿಂಗಳು ಸಾಲವೇ ಬೆಳೆಯುತ್ತಿದ್ದರೆ, ಕೆಲಸದ ಹೆಂಗಸರ ಬಾಕಿ ಕೂಲಿಯನ್ನು ಮೊದಲು ಕೊಟ್ಟು ಒಲೆ ಆರಿಸಿ. ಅದರಲ್ಲಿ ಅವಮಾನವಿಲ್ಲ. ಕೈಯಲ್ಲಿರುವ ಕಸುಬು ಆರುವುದಿಲ್ಲ.

ಉಳಿದದ್ದು ನಮ್ಮೆಲ್ಲರ ಪಾಲಿನದು. ಕಷ್ಟದಲ್ಲಿರುವ ಸಾಲಗಾರನಿಗೆ ಅವಧಿ ಕೊಡಬೇಕೆಂದು ಸೂರಃ ಅಲ್ ಬಕರದ 280ನೆಯ ಆಯತ್ ನಮಗೆ ಆದೇಶಿಸುತ್ತದೆ. ಮುಂದಿನ ಸಾಲಿನಲ್ಲಿ ನಮಾಝಿಗೆ ನಿಲ್ಲುವ ನಮ್ಮಲ್ಲೇ ಸಣ್ಣ ರೀಲರಿನ ನೂಲು ಒಯ್ದು ಆರು ತಿಂಗಳು ಹಣ ಕೊಡದವರಿದ್ದಾರೆ. ಅವರು ಕೊಡಬೇಕಾದ್ದನ್ನು ಈ ವಾರವೇ ಕೊಟ್ಟರೆ ಎಷ್ಟೋ ಒಲೆಗಳಿಗೆ ಬೇರೆ ಸಹಾಯವೇ ಬೇಡ. ಜಮಾಅತ್‌ಗಳು ಒಂದು ಸಣ್ಣ ಕರ್ಝೆ ಹಸನಾ ನಿಧಿ ಇಟ್ಟುಕೊಂಡರೆ ಹರಾಜಿನ ದಿನದ ಗೂಡಿಗೆ ಬಡ್ಡಿಯವನ ಬಾಗಿಲು ತಟ್ಟುವುದು ತಪ್ಪುತ್ತದೆ.

ಆ ಹಿರಿಯರು ಲೆಕ್ಕ ನೋಡಿಕೊಂಡು ಮತ್ತೆ ಬಂದಿದ್ದರು. ಒಂದು ಬೇಸಿನ್ ಉಳಿಸಿಕೊಂಡಿದ್ದಾರೆ. ಅಲ್ಲಾಹನು ಅವರ ಹಲಾಲ್ ದುಡಿಮೆಯಲ್ಲಿ ಬರಕತ್ ನೀಡಲಿ, ಅವರಿಗೆ ಕೊಡಬೇಕಾದವರ ಮನಸ್ಸನ್ನು ತೆರೆಯಲಿ. ಆಮೀನ್.